ಹೆಸರು ಆಮೇಲೆ

ಬನಹಟ್ಟಿಯ ನಮ್ಮ ಟೀಮಿನ ಖಾತೆವಹಿ
ಖರೇ ಅಂದರ ನೂಲಿನ ಲೆಕ್ಕದ ಪುಸ್ತಕ.
ಮುಂದಿನಿಂದ ತೆರೆದರ ಬೀಮು, ಬಾಬಿನು, ಮಜೂರಿ,
ಹಿಂದಿನಿಂದ ತಿರುವಿದರ ಕಬಡ್ಡಿ.
ಅಲ್ಲೇ ಬರದೀನಿ, ನನ್ನ ಕೈಯಾರೆ:
ಕೊಟ್ಟದ್ದು, ದುಂಡಪ್ಪ ಹೊಸೂರ, ರೇಡರ್.
ಬಂದದ್ದು, ಎಂಟು ಜೋಡಿ ಕ್ಯಾನ್ವಾಸ್ ಬೂಟು, ಎರಡು ಹ್ಯಾಲೊಜನ್ ದೀಪ,
ಮತ್ತ ಒಬ್ಬ ಹುಡುಗ. ಹೆಸರು ಆಮೇಲೆ.

ತೇರದಾಳದ ಪಾಯಪ್ಪ ಆಲಗೂರ
ಬೆಲ್ಲದ ಅಡತಿ ಅಂಗಡಿ ಕಟ್ಟಿಮ್ಯಾಲ ಕುಂತು
"ಈಗ ಕೊಡಾಕ ಯಾರೂ ಇಲ್ಲೋ ಮಾರಾಯ,
ಬೆಳೀಲಿ, ಕೊಡೋಣಂತ" ಅಂದಿದ್ದ.
ಚಾದ ಕಪ್ಪಿನ ಮ್ಯಾಲ ಕೈಯಿಟ್ಟು ಆಣಿ ಮಾಡಿದ್ದ.
ಕಪ್ಪಿನ್ಯಾಗ ಚಾ ಇರಲಿಲ್ಲ,
ಅದನ್ನ ನಾ ಆಮ್ಯಾಲ ನೋಡಿದೆ.

ಆ ವರ್ಷ ತೇರದಾಳ ಮೂರು ಢಾಲು ಗೆದ್ದಿತು,
ಒಂದು ನಮ್ಮ ಮೈದಾನದಾಗ,
ಅವರೇ ಕೊಟ್ಟ ದೀಪದ ಬೆಳಕಿನ್ಯಾಗ.
ಸೈಜಿಂಗ್ ಮುಂದಿನ ಚಾದಂಗಡ್ಯಾಗ
"ಬೂಟು ಬಂತು, ಕಾಲು ಹೋತು" ಅಂತ ನಕ್ಕು
ನನಗ ಹೆಸರು ಇಟ್ಟರು: ಬೂಟಿನ ಕಾಡಪ್ಪ.
ಹೆಂಡತಿ ಸೈತ ಒಮ್ಮೆ ಅಂದಳು.

ವರ್ಷಕ್ಕೊಮ್ಮೆ ಹೋಗಿ ಕೇಳಿದೆ,
ಹೆಸರೇನಾತು ಪಾಯಪ್ಪಣ್ಣ?
ಒಂದು ವರ್ಷ ಬೆಲ್ಲದ ಪೆಂಟಿ ಕೊಟ್ಟ,
ಒಂದು ವರ್ಷ ಮಗಳ ಮದುವಿ ಪತ್ರಿಕೆ,
ಒಂದು ವರ್ಷ ಅಂಗಡಿ ಬಾಗಲಾ ಹಾಕಿತ್ತು,
ಮಿರಜ ದವಾಖಾನಿಗೆ ಒಯ್ದಾರಂತ.
ನೋಡಾಕ ಹೋದೆ, ಬಾಳಿಹಣ್ಣು ಹಿಡಕೊಂಡು.
ಆ ಸಲ ನಾ ಕೇಳಲಿಲ್ಲ.
ಕಣ್ಣು ತೆರೆದು ಅಂವನೇ ಅಂದ: "ಮರ್ತಿಲ್ಲೋ."

ಬೂಟಿನ ಅಟ್ಟಿ ಸವದವು. ಒಂದು ದೀಪದ ಗಾಜು ಒಡೀತು.
ದುಂಡಪ್ಪನ ಬಲಮೊಣಕಾಲು ಸಾಂಗ್ಲಿ ಟೂರ್ನಿಯೊಳಗ
ಲಾಳಿ ಮುರಿದಂಗ ಸಪ್ಪಳ ಮಾಡಿ ಮುಗೀತು.
ತಿರುಗಿ ಬಂದ, ನಮ್ಮ ಓಣಿಗೇ, ಮಗ್ಗಕ್ಕೇ.
ರಾತ್ರಿ ಪಾಳಿ ಎರಡು ಮಗ್ಗ ನೋಡತಾನ;
ಕುಂಟೋದು ಮಗ್ಗದ ತಾಳಕ್ಕ ಕೂಡಿ
ಗೊತ್ತೇ ಆಗೂದಿಲ್ಲ.

ನಾ ಮಗ್ಗದ ಮೇಸ್ತ್ರಿ. ನನಗ ತಿಳಿದದ್ದು ಇಷ್ಟ:
ಹಾಸಿನ್ಯಾಗ ಒಂದು ಎಳಿ ಕಡದರ
ನೇಯ್ಗಿ ನಿಲ್ಲೂದಿಲ್ಲ.
ಆ ಎಳಿಯ ಜಾಗಾ ಖಾಲಿ ಹರಕೊಂಡು ಬರತೈತಿ ಮೊಳಗಟ್ಟಲೆ,
ಬೆಳಕಿಗೆ ಹಿಡಿದವರಿಗೆ ಅಷ್ಟ ಕಾಣತೈತಿ.

ಹದಿನೇಳನೇ ವರ್ಷ, ಶ್ರಾವಣ ಮುಗಿದ ಸೋಮವಾರ,
ಪಾಯಪ್ಪನ ಅಳಿಯ ಬಂದು ಬೈಕ್ ನಿಲ್ಲಿಸಿದ.
ಹಿಂದ ಕುಂತಾಕಿ ಇಳಿದಳು,
ಅಡತಿಯ ಹಮಾಲ ರಾಜೇಸಾಬನ ಮಗಳು.
ಚಪ್ಪಲಿ ಕೈಯಾಗ ಹಿಡಿದು ಬರಿಗಾಲಲೆ
ಮೈದಾನದ ಮಣ್ಣು ಒತ್ತಿ ನೋಡಿದಳು,
ಸಂತ್ಯಾಗ ಜ್ವಾಳ ನೋಡಿದಂಗ.
"ಹುಡುಗ ಅಂತ ಬರದೈತಿ" ಅಂದರು ನಮ್ಮವರು.
"ಹುಡುಗ್ಯಾರ ಟೀಮು ನಿಮ್ಮಲ್ಲೈತಿ, ನಮ್ಮಲ್ಲಿಲ್ಲ.
ಮಾವ ಹೇಳ್ಯಾರ, ಹೆಸರು ಬರಕೋರಿ."

ವಯಸ್ಸು ಕೇಳಿದೆ. ಹದಿನೈದು.
ಬೆರಳು ಎಣಿಸಿದೆ. ಮತ್ತ ಎಣಿಸಿದೆ.
ನಾವು ಚೌಕಾಸಿ ಮಾಡಿದ ದಿವಸ
ಆಕಿ ಹುಟ್ಟೇ ಇರಲಿಲ್ಲ.
ಇಲ್ಲದವರನ್ನ ಕೊಟ್ಟಿದ್ದ ಪಾಯಪ್ಪ,
ಇಲ್ಲದವರನ್ನ ಎಣಿಸಿ ತಗೊಂಡಿದ್ದೆ ನಾ.

ಸಂಜಿಗೆ ದುಂಡಪ್ಪ, ಯಾರೂ ಕರೀಲಾರದ,
ಲುಂಗಿ ಎತ್ತಿ ಕಟ್ಟಿ ಗೆರಿ ದಾಟಿದ.
ಕಬಡ್ಡಿ ಕಬಡ್ಡಿ, ಅದೇ ಹಳೆ ದನಿ, ಅರ್ಧ ಕೆಮ್ಮು.
ಒಳ್ಳೆ ಕಾಲು ಮುಂದ ಚಾಚಿದ, ಆಸೆ ತೋರಿಸಾಕ.
ಮೂಲ್ಯಾಗ ನಿಂತಾಕಿ ಅದನ್ನ ನೋಡಲೇ ಇಲ್ಲ.
ಹಿಂದ ಉಳಿದ ಕುಂಟಗಾಲನ್ನ
ಹರಡಿನ ಹತ್ರ ಹಿಡಿದಳು,
ಕೂಸಿನ ಕೈ ಹಿಡಿದಷ್ಟು ಮೆತ್ತಗ,
ಬಿಡಿಸಿಕೊಳ್ಳಾಕ ಬರದಂಗ.

ಮಣ್ಣಾಗ ಅಂಗಾತ ಬಿದ್ದು ದುಂಡಪ್ಪ ನಗತಿದ್ದ.
"ಬರಿಯೋ ಕಾಡಪ್ಪ, ಬರಿ."
ಹಳೆ ಸಾಲಿನ ಮುಂದ ಜಾಗಾ ಸಾಲದs
ಮಗ್ಗಲಿನ ನೂಲಿನ ಲೆಕ್ಕದಾಗ ನುಗ್ಗಿಸಿ ಬರದೆ:
ಮುಬಿನಾ ರಾಜೇಸಾಬ ನದಾಫ.
ಆಕಿ ಬಗ್ಗಿ ನೋಡಿದಳು.
ಮಣ್ಣಿನ ಬೆರಳು ಅಕ್ಷರದ ಮ್ಯಾಲ ಊರಿ
"ಬಿ ಅಲ್ರಿ, ಬೀ" ಅಂದಳು,
"ದೀರ್ಘ ಐತ್ರಿ."